ಮುಖ ನೋಡದೆ ಕಳಿಸಿಕೊಟ್ಟವರ ದುಃಖ: ಕೊರೊನಾ ಕಾಲದ ಸಾವಿನ ಮನೆಯವರು ಈಗ ಮಾಡಬಹುದಾದದ್ದು

ಈ ಬರಹ 2020 ಮತ್ತು 2021ರ ನಿರ್ಬಂಧಗಳ ನಡುವೆ ತಂದೆ ತಾಯಿಯನ್ನೋ, ಗಂಡ ಹೆಂಡತಿಯನ್ನೋ, ಒಡಹುಟ್ಟಿದವರನ್ನೋ ಕಳೆದುಕೊಂಡು, ಅವರ ಮುಖ ನೋಡಲಾಗದೆ, ಬಾಯಿಗೆ ನೀರು ಬಿಡಲಾಗದೆ, ಮಣ್ಣಿಗೂ ಹೋಗಲಾಗದೆ ಉಳಿದ ಕುಟುಂಬಗಳಿಗಾಗಿ. ಲಾಕ್‌ಡೌನ್ ತಂದ ಸಂಕಟಗಳು ಹಲವು: ಕೆಲಸ ಹೋಯಿತು, ಶಾಲೆ ಮುಚ್ಚಿತು, ತಿಂಗಳುಗಟ್ಟಲೆ ನಾಲ್ಕು ಗೋಡೆಗಳ ನಡುವೆ ಕಳೆಯಬೇಕಾಯಿತು. ಇವುಗಳಲ್ಲಿ ಬಹುಪಾಲು ಬೀದಿ ಮತ್ತೆ ತೆರೆದ ಮೇಲೆ ಒಂದಲ್ಲ ಒಂದು ರೀತಿಯಲ್ಲಿ ತಹಬಂದಿಗೆ ಬಂದವು. ಸಾವಿನ ಮನೆಗೆ ಯಾರೂ ಬಾರದೆ ಹೋದ ನೋವು ಮಾತ್ರ ಹಾಗೆ ತಾನಾಗಿ ತಗ್ಗುವಂಥದ್ದಲ್ಲ, ಏಕೆಂದರೆ ಅದು ಆರಂಭವಾಗಬೇಕಾದ ರೀತಿಯಲ್ಲಿ ಆರಂಭವೇ ಆಗಲಿಲ್ಲ. ಆಗ ಬಿಟ್ಟುಹೋದದ್ದನ್ನು ಇಷ್ಟು ವರ್ಷಗಳ ಮೇಲೂ ಮಾಡಬಹುದು. ಅದಕ್ಕೊಂದು ಕ್ರಮವಿದೆ: ಮೊದಲು ನಡೆದದ್ದೇನೆಂದು ಮನೆಯವರೆಲ್ಲ ತಿಳಿದುಕೊಳ್ಳಬೇಕು, ಆಮೇಲೆ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು, ವಿಧಿ ಅದರ ನಂತರ. ಎಷ್ಟೋ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ನಾನು ಬಲ್ಲ ಒಂದು ಮನೆಯಲ್ಲಿ ವರ್ಷ ವರ್ಷವೂ ತಿಥಿ ಲೋಪವಿಲ್ಲದೆ ನಡೆಯುತ್ತದೆ, ಆದರೆ ಅಣ್ಣ ತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುವುದಿಲ್ಲ. ತಂದೆಯನ್ನು ಯಾವ ಆಸ್ಪತ್ರೆಗೆ ಸೇರಿಸಬೇಕಾಗಿತ್ತು ಎಂಬ ಜಗಳ ಇನ್ನೂ ಅವರ ನಡುವೆ ಹಾಗೆಯೇ ಇದೆ.

ಆಗ ತಪ್ಪಿಹೋದದ್ದೇನು

ದೇಶದಲ್ಲಿ ಕೋವಿಡ್‌ನಿಂದ ಆದ ಮೊದಲ ಸಾವು 2020ರ ಮಾರ್ಚಿನಲ್ಲಿ, ಕಲಬುರಗಿಯ ವೃದ್ಧರೊಬ್ಬರದು. ಅದೇ ತಿಂಗಳ 25ರಿಂದ ಲಾಕ್‌ಡೌನ್ ಜಾರಿಗೆ ಬಂದಾಗ ಕೇಂದ್ರದ ಆದೇಶ ಶವಸಂಸ್ಕಾರಕ್ಕೆ 20 ಜನರ ಮಿತಿ ಹಾಕಿತು. ಊರಿಂದೂರಿಗೆ ಹೋಗಲು ಪಾಸು ಬೇಕಾಯಿತು. ಹೊರರಾಜ್ಯದಲ್ಲಿದ್ದವರು ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ ಕಾದರು. ಬಂದಮೇಲೂ ಕೈಗೆ ಮುದ್ರೆ ಒತ್ತಿಸಿಕೊಂಡು ಕ್ವಾರಂಟೈನಿನಲ್ಲಿ ದಿನ ಎಣಿಸಿದರು. ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು 2020ರ ಮಾರ್ಚ್ 23ರಂದು ನಿಂತವು, ಮತ್ತೆ ಹಾರಿದ್ದು 2022ರ ಮಾರ್ಚ್ 27ರಂದು. ವಿಶೇಷ ವಿಮಾನಗಳಲ್ಲಿ ಸೀಟು ಸಿಗದ ಮಕ್ಕಳು ದುಬೈಯಲ್ಲೋ ಲಂಡನ್ನಿನಲ್ಲೋ ಕುಳಿತು ತಾಯಿಯ ಚಿತೆಯನ್ನು ಫೋನಿನ ಪರದೆಯ ಮೇಲೆ ನೋಡಿದರು. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯ ಮತ್ತೆ ಮುಚ್ಚಿತು, ಮೇ 10ರಿಂದ ನಿರ್ಬಂಧ ಇನ್ನಷ್ಟು ಬಿಗಿಯಾಯಿತು. ಆ ವಾರಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದವು. ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಿನಲ್ಲೇ ಚಿತೆ ಒಟ್ಟಬೇಕಾಯಿತು.

ಇದನ್ನೆಲ್ಲ ಮತ್ತೆ ಹೇಳಲು ಕಾರಣವಿದೆ. ದುಃಖದಲ್ಲಿರುವವರು ಆಗಿನ ನಿಯಮಗಳನ್ನು ಮರೆತು, ತಮ್ಮ ಕೈಯಲ್ಲೇ ಎಲ್ಲವೂ ಇತ್ತೇನೋ ಎಂಬಂತೆ ತಮ್ಮನ್ನು ತಾವೇ ವಿಚಾರಣೆಗೆ ಒಡ್ಡಿಕೊಳ್ಳುತ್ತಾರೆ. "ನಾನು ಹೇಗಾದರೂ ಮಾಡಿ ಹೋಗಬೇಕಾಗಿತ್ತು" ಎನ್ನುವ ಮಗಳಿಗೆ, ಆ ದಿನ ಬಸ್ಸೂ ಇರಲಿಲ್ಲ, ರೈಲೂ ಇರಲಿಲ್ಲ, ಜಿಲ್ಲೆಯ ಗಡಿಯಲ್ಲಿ ಬ್ಯಾರಿಕೇಡ್ ಇತ್ತು ಎಂಬುದನ್ನು ಯಾರಾದರೂ ನೆನಪಿಸಬೇಕಾಗುತ್ತದೆ.

ಈ ದುಃಖ ಮನೆಯಲ್ಲಿ ಇನ್ನೂ ಉಳಿದಿದೆಯೇ ಎಂದು ಗುರುತಿಸುವುದು ಕಷ್ಟವಲ್ಲ. ಅಗಲಿದವರ ಫೋಟೋಗೆ ಚೌಕಟ್ಟು ಹಾಕಿಸಿ ತಂದರೂ ಅದು ಗೋಡೆಗೇರದೆ ಬೀರುವಿನ ಮೇಲೆಯೇ ಮಲಗಿರುತ್ತದೆ. ಅವರ ಹೆಸರು ಬಂದಕೂಡಲೇ ಯಾರಾದರೊಬ್ಬರು ಎದ್ದು ಅಡುಗೆಮನೆಗೆ ಹೋಗುತ್ತಾರೆ. ಆಸ್ತಿಯ ವಿಷಯಕ್ಕೆಂದು ಶುರುವಾದ ಮಾತು ಎರಡೇ ನಿಮಿಷದಲ್ಲಿ "ನೀನು ಆಗ ಬಂದೆಯಾ?" ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಇನ್ನು ಆಸ್ಪತ್ರೆಯವರು ಕೊಟ್ಟ ಆ ಪ್ಲಾಸ್ಟಿಕ್ ಕವರ್: ಅದರಲ್ಲಿ ಒಂದು ಕಾಲು ಸಡಿಲವಾದ ಕನ್ನಡಕ, ಚಾರ್ಜರ್, ಅರ್ಧ ಬಳಸಿದ ಕೊಬ್ಬರಿ ಎಣ್ಣೆ ಬಾಟಲಿ, ಹಲ್ಲಿನ ಸೆಟ್ಟು. ಸೋಂಕು ತಗಲೀತೆಂಬ ಹೆದರಿಕೆಯಿಂದ ಅಂದು ಬಿಗಿಯಾಗಿ ಕಟ್ಟಿ ಅಟ್ಟದ ಮೇಲೆ ಎಸೆದದ್ದನ್ನು ಇವತ್ತಿಗೂ ಬಿಚ್ಚದ ಮನೆಗಳಿವೆ.

ಮೊದಲ ಕೆಲಸ: ನಡೆದದ್ದನ್ನು ಬರೆದಿಡುವುದು

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಜ್ವರ ಬಂದ ದಿನದಿಂದ ಬೂದಿ ಬಿಟ್ಟ ದಿನದವರೆಗೆ, ದಿನಕ್ಕೊಂದು ಪುಟದಂತೆ, ಗೊತ್ತಿರುವುದನ್ನು ಬರೆಯುತ್ತ ಹೋಗಿ. ಭಾವನೆಗಳನ್ನು ಬರೆಯುವ ಅಗತ್ಯ ಈಗಿಲ್ಲ, ನಡೆದದ್ದಷ್ಟೇ ಸಾಕು. "ಮೇ 6, ಗುರುವಾರ. ಬೆಳಿಗ್ಗೆ ಗಂಜಿ ಕುಡಿದರು. ಆಮ್ಲಜನಕ 91. ಮಧ್ಯಾಹ್ನ 88ಕ್ಕೆ ಇಳಿಯಿತು. ತಮ್ಮ ಬೆಡ್‌ಗಾಗಿ ಫೋನ್ ಮಾಡುತ್ತಲೇ ಇದ್ದ. ರಾತ್ರಿ ಆಂಬುಲೆನ್ಸ್ ಬಂತು, ಅಪ್ಪ ತಾವೇ ಮೆಟ್ಟಿಲಿಳಿದು ಹೋದರು" ಎಂಬಂಥ ವಾಕ್ಯಗಳು ಸಾಕು.

ಮನೆಯ ಒಬ್ಬೊಬ್ಬರಿಗೂ ಒಂದೊಂದು ತುಣುಕು ಮಾತ್ರ ಗೊತ್ತಿರುತ್ತದೆ. ಆಸ್ಪತ್ರೆಗೆ ಕರೆದೊಯ್ದ ಮಗನಿಗೆ ಗೊತ್ತಿರುವುದು ಮನೆಯಲ್ಲೇ ಪಾಸಿಟಿವ್ ಆಗಿ ಮಲಗಿದ್ದ ತಾಯಿಗೆ ಗೊತ್ತಿಲ್ಲ. ಪಿಪಿಇ ಉಡುಪು ಹಾಕಿಕೊಂಡು ಚಿತಾಗಾರಕ್ಕೆ ಹೋದ ಸೋದರಳಿಯ, ಕೇಳಿದರೆ ಅತ್ತೆ ಎಲ್ಲಿ ಕುಸಿದುಬಿಡುತ್ತಾರೋ ಎಂದು ಅಲ್ಲಿ ಕಂಡದ್ದನ್ನು ಹೇಳಿಯೇ ಇಲ್ಲ. ಹೀಗೆ ಮುಚ್ಚಿಟ್ಟುಕೊಂಡ ಜಾಗದಲ್ಲಿ ಉಳಿದವರ ಕಲ್ಪನೆ ಕೆಲಸ ಮಾಡುತ್ತದೆ, ಮತ್ತು ಕಲ್ಪನೆ ಹೆಚ್ಚಿನ ಸಲ ನಿಜಕ್ಕಿಂತ ಕ್ರೂರವಾಗಿರುತ್ತದೆ. ಕೊನೆಯಲ್ಲಿ ನೀರಿಗಾಗಿ ಕೂಗಿದರೋ ಏನೋ ಎಂದು ವರ್ಷಗಟ್ಟಲೆ ಕೊರಗಿದ ಹೆಂಡತಿಗೆ, ಅವರು ಮೂರು ದಿನದಿಂದ ವೆಂಟಿಲೇಟರ್ ಮೇಲೆ, ನಿದ್ದೆಯ ಔಷಧಿಯಲ್ಲಿ ಇದ್ದರೆಂಬ ಸಂಗತಿ ತಿಳಿದಾಗ ಆಗುವ ಸಮಾಧಾನ ಚಿಕ್ಕದೇನಲ್ಲ. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿ, ಅವರವರ ಮಾತಿನಲ್ಲೇ ಬರೆದುಕೊಳ್ಳಿ. ಎರಡು ನೆನಪುಗಳು ತಾಳೆಯಾಗದಿದ್ದರೆ ಎರಡನ್ನೂ ಬರೆಯಿರಿ. ಯಾರದು ಸರಿಯೆಂದು ತೀರ್ಪು ಕೊಡಲು ಹೋಗಬೇಡಿ.

ಹಳೆಯ ಫೋನುಗಳನ್ನು ಚಾರ್ಜಿಗೆ ಹಾಕಿ ನೋಡಿ. ಕರೆಗಳ ಪಟ್ಟಿ, ವಾಟ್ಸ್‌ಆ್ಯಪ್ ಸಂದೇಶ, ಐಸಿಯುನಿಂದ ನರ್ಸ್ ಮಾಡಿಸಿದ ವಿಡಿಯೋ ಕರೆಯ ಸಮಯ, ಇವೆಲ್ಲ ದಿನಾಂಕಗಳನ್ನು ಖಚಿತಪಡಿಸುತ್ತವೆ. ಧ್ವನಿಸಂದೇಶಗಳಿದ್ದರೆ ಬೇರೆ ಕಡೆ ಉಳಿಸಿಡಿ, ಆದರೆ ಎಲ್ಲರೆದುರು ಏಕಾಏಕಿ ಹಾಕಬೇಡಿ. ಸತ್ತವರ ದನಿ ಕೇಳಲು ಒಬ್ಬೊಬ್ಬರಿಗೆ ಒಂದೊಂದು ಕಾಲ ಬೇಕು.

ಕಾಗದಪತ್ರಗಳಲ್ಲಿ ಮರಣ ಪ್ರಮಾಣಪತ್ರ ಬಹುತೇಕ ಎಲ್ಲರ ಬಳಿ ಇರುತ್ತದೆ. ಇಲ್ಲದಿದ್ದರೆ ರಾಜ್ಯದ ಇ-ಜನ್ಮ ವ್ಯವಸ್ಥೆಯಲ್ಲಿ ಪಡೆಯಬಹುದು. ಚಿಕಿತ್ಸೆಯ ದಾಖಲೆಗಳನ್ನು ಕೇಳುವ ಹಕ್ಕು ನಿಮಗಿದೆ, ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಆದರೆ ಅದೇ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡರೆ ಸಾಕಾದ್ದರಿಂದ, ಈಗ ಕೇಳಿದಾಗ ಇಲ್ಲವೆಂಬ ಉತ್ತರ ಬಂದರೆ ಅದರಲ್ಲಿ ಸಂಚು ಹುಡುಕುವುದು ಬೇಡ. ಪರಿಹಾರದ ಹಣವನ್ನು, ಅಂದರೆ ಕೇಂದ್ರದ ಮಾರ್ಗಸೂಚಿಯಂತೆ ಬಂದ 50,000 ರೂಪಾಯಿಯನ್ನು, ಬಿಪಿಎಲ್ ಕುಟುಂಬಗಳಿಗೆ ರಾಜ್ಯ ಸೇರಿಸಿ ಕೊಟ್ಟ 1 ಲಕ್ಷವನ್ನು ಮುಟ್ಟಲು ಮನಸ್ಸಾಗದೆ ಖಾತೆಯಲ್ಲೇ ಬಿಟ್ಟವರಿದ್ದಾರೆ. ಅದು ಸಾವಿನ ಬೆಲೆಯಲ್ಲ. ಮಕ್ಕಳ ಓದಿಗೆ ಬಳಸಿ, ಬಳಸಿದ್ದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ.

"ನನ್ನಿಂದಲೇ ಆಯಿತು" ಎನ್ನುವವರೊಡನೆ

ಈ ಮಾರ್ಗದಲ್ಲಿ ಅತ್ಯಂತ ಕಠಿಣವಾದ ಭಾಗ ಇದು. "ಹಾಗೆಲ್ಲ ಅಂದುಕೊಳ್ಳಬೇಡ" ಎಂದು ಬಾಯಿ ಮುಚ್ಚಿಸಿದರೆ ಆ ಯೋಚನೆ ಒಳಗಿಳಿಯುತ್ತದೆಯೇ ಹೊರತು ಹೋಗುವುದಿಲ್ಲ. ಬದಲಿಗೆ ಪೂರ್ತಿ ಹೇಳಲು ಬಿಡಿ, ಆಮೇಲೆ ನೋಟ್‌ಬುಕ್ ಮುಂದಿಟ್ಟುಕೊಂಡು ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಕೊಳ್ಳಿ: ಆ ಹೊತ್ತಿನಲ್ಲಿ ನಿನಗೆ ಗೊತ್ತಿದ್ದದ್ದೇನು, ನಿನ್ನ ಕೈಯಲ್ಲಿದ್ದದ್ದೇನು, ಬೇರೆಯವರ ಕೈಯಲ್ಲಿದ್ದದ್ದೇನು.

ರೋಗವನ್ನು ಮನೆಗೆ ತಂದದ್ದು ತಾನೇ ಎಂದು ಕೊರಗುವವರಿಗೆ ಹೇಳಬೇಕಾದದ್ದು ಸರಳವಾಗಿದೆ. ಸೋಂಕು ತಗಲಿ ಲಕ್ಷಣ ಕಾಣಲು ಎರಡರಿಂದ ಹದಿನಾಲ್ಕು ದಿನ ಹಿಡಿಯುತ್ತಿತ್ತು. ಲಕ್ಷಣವೇ ಇಲ್ಲದವರಿಂದಲೂ ಹರಡುತ್ತಿತ್ತು. ಮೊದಲು ಕೆಮ್ಮಿದವರೇ ತಂದವರು ಎಂದು ಹೇಳಲು ಬರುವುದಿಲ್ಲ. ಹಾಲಿನವನೋ, ತರಕಾರಿ ಗಾಡಿಯೋ, ಬ್ಯಾಂಕಿನ ಸಾಲೋ, ಯಾರೂ ಇದನ್ನು ಪತ್ತೆಹಚ್ಚಲಾರರು. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಇರುವ ಸಂಗತಿ.

ಬೆಡ್ ಸಿಗಲಿಲ್ಲ, ಆಮ್ಲಜನಕ ಹೊಂದಿಸಲಾಗಲಿಲ್ಲ ಎಂದು ತನ್ನನ್ನೇ ದೂಷಿಸಿಕೊಳ್ಳುವ ಮಗನಿಗೆ, 2021ರ ಮೇ 5ರಂದು ಕರ್ನಾಟಕ ಹೈಕೋರ್ಟ್ ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕ ಕೊಡುವಂತೆ ಕೇಂದ್ರಕ್ಕೆ ಆದೇಶಿಸಬೇಕಾಗಿ ಬಂದಿತ್ತು, ಆ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು ಎಂಬುದನ್ನು ನೆನಪಿಸಿ. ಒಂದು ರಾಜ್ಯಕ್ಕೇ ಹೊಂದಿಸಲಾಗದ್ದನ್ನು ರಾತ್ರಿ ಹನ್ನೊಂದು ಗಂಟೆಗೆ ಸ್ಕೂಟರ್ ಮೇಲೆ ಹೊರಟ ಒಬ್ಬ ಹುಡುಗ ಹೊಂದಿಸಬೇಕಾಗಿತ್ತು ಎನ್ನುವುದು ನ್ಯಾಯವಲ್ಲ.

ಮುಖ ನೋಡದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸಿಬ್ಬಂದಿ ಚೀಲದ ಮುಖದ ಭಾಗವನ್ನು ತೆರೆದು ಬಂಧುಗಳಿಗೆ ಕೊನೆಯ ಬಾರಿ ತೋರಿಸಬಹುದಾಗಿತ್ತು. ಮಂತ್ರ ಹೇಳುವುದು, ತೀರ್ಥ ಚಿಮುಕಿಸುವುದು ಮುಂತಾಗಿ ದೇಹ ಮುಟ್ಟದೆ ಮಾಡುವ ವಿಧಿಗಳಿಗೆ ಅಡ್ಡಿಯಿರಲಿಲ್ಲ. ಬೂದಿಯಿಂದ ಅಪಾಯವಿಲ್ಲ, ಸಂಗ್ರಹಿಸಬಹುದು ಎಂದೂ ಅದರಲ್ಲಿ ಇತ್ತು. ಸ್ನಾನ ಮಾಡಿಸುವುದು, ಅಪ್ಪಿಕೊಳ್ಳುವುದು, ಮುತ್ತಿಡುವುದು ಮಾತ್ರ ನಿಷಿದ್ಧ. ಈ ವಿಷಯ ಈಗ ತಿಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಕೆಲವರಿಗೆ "ಅಯ್ಯೋ, ಕೇಳಬಹುದಾಗಿತ್ತಲ್ಲ" ಎಂಬ ಹೊಸ ಕೊರಗು ಹತ್ತುತ್ತದೆ. ಹಾಗಾಗಿ ಹೇಳುವಾಗ ಪೂರ್ತಿಯಾಗಿ ಹೇಳಿ: ಕಾಗದದ ಮೇಲಿದ್ದ ಈ ಅವಕಾಶ ಆ ನೂಕುನುಗ್ಗಲಿನಲ್ಲಿ ಬಹಳ ಜನರನ್ನು ತಲುಪಲೇ ಇಲ್ಲ, ಅದನ್ನು ತಿಳಿಸುವ ಹೊಣೆ ದುಃಖ ಹೊತ್ತುಕೊಂಡಿದ್ದ ಮನೆಯವರದಾಗಿರಲಿಲ್ಲ. ಸಿಟ್ಟು ಬಂದರೆ ಬರಲಿ. ತನ್ನ ಮೇಲೆ ತಿರುಗಿದ್ದ ಸಿಟ್ಟು ಹೊರಗೆ ತಿರುಗುವುದು ನನ್ನ ಎಣಿಕೆಯಲ್ಲಿ ಒಳ್ಳೆಯ ಲಕ್ಷಣ.

ಈಗ ಹೋಗಿ ಮಾತಾಡಿಸಿಕೊಂಡು ಬರುವುದು

ನೀವು ಸಾವಿನ ಮನೆಯವರಲ್ಲ, ಆಗ ಹೋಗಲಾಗದೆ ಉಳಿದ ನೆಂಟರೋ ನೆರೆಯವರೋ ಆಗಿದ್ದರೆ ಈ ಭಾಗ ನಿಮಗೆ. ಇಷ್ಟು ತಡವಾಗಿ ಹೋದರೆ ಹಳೆಯ ಗಾಯ ಕೆದಕಿದಂತಾಗುತ್ತದೆ ಎಂಬ ಸಂಕೋಚ ಸಹಜ. ಆದರೆ ಆ ಮನೆಯವರು ಅದನ್ನು ಮರೆತಿದ್ದಾರೆ, ನಿಮ್ಮ ಭೇಟಿಯಿಂದ ನೆನಪಾಗುತ್ತದೆ ಎಂಬ ಊಹೆಯೇ ತಪ್ಪು. ಮೊದಲೇ ಫೋನ್ ಮಾಡಿ ಹೋಗಿ. ಸಾವಿನ ವಿಷಯಕ್ಕೆಂದೇ ಹೋಗಿ. ಮದುವೆಯ ಕರೆಯೋಲೆ ಕೊಡಲು ಹೋದಾಗ ಜೊತೆಗೊಂದು ಮಾತು ಎಂಬಂತೆ ಮುಗಿಸಬೇಡಿ. ಮಾತು ಶುರುಮಾಡುವುದು ಹೇಗೆಂದು ತೋಚದಿದ್ದರೆ ಇಷ್ಟು ಸಾಕು: "ಅತ್ತಿಗೆ, ಆಗ ಬರೋಕೆ ಆಗಲಿಲ್ಲ. ಅದು ಮನಸ್ಸಿನಲ್ಲೇ ಉಳಿದಿದೆ. ಅಣ್ಣನ ಕೊನೆಯ ದಿನಗಳ ಬಗ್ಗೆ ನೀವು ಹೇಳಿದಷ್ಟು ಕೇಳಿಕೊಂಡು ಹೋಗೋಣ ಅಂತ ಬಂದೆ." ಆಮೇಲೆ ಸುಮ್ಮನೆ ಕುಳಿತುಕೊಳ್ಳಿ.

"ಅವರ ಋಣ ಅಷ್ಟೇ ಇತ್ತು", "ಎಷ್ಟೋ ಮನೆಗಳಲ್ಲಿ ಹೀಗೇ ಆಯಿತು", "ಪುಣ್ಯವಂತರು, ನರಳಲಿಲ್ಲ", ಇವು ಮೂರೂ ಹೇಳುವವರ ಮುಜುಗರವನ್ನು ಕಳೆಯುವ ಮಾತುಗಳು, ಕೇಳುವವರ ದುಃಖವನ್ನಲ್ಲ. ನೀವು ಆಗ ಹೆದರಿ ಬಾಗಿಲು ಹಾಕಿಕೊಂಡಿದ್ದರೆ, ಸೀಲ್‌ಡೌನ್ ಆದ ಅವರ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸಿದ್ದರೆ, ಅದನ್ನೂ ಒಂದು ವಾಕ್ಯದಲ್ಲಿ ಒಪ್ಪಿಕೊಳ್ಳಿ. ವಿವರಣೆ ಬೇಡ. ಅವರಿಗೆ ಅದು ಆಗಲೇ ಗೊತ್ತಿರುತ್ತದೆ.

ವಿಧಿ, ಎಲ್ಲ ಹೇಳಿಕೊಂಡ ಮೇಲೆ

2021ರ ಜೂನಿನಲ್ಲಿ ವಾರಸುದಾರರು ಬಾರದೆ ಬೆಂಗಳೂರಿನ ಚಿತಾಗಾರಗಳಲ್ಲಿ ಉಳಿದಿದ್ದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಟ್ಟರು. ಅದೇ ವರ್ಷದ ಪಿತೃಪಕ್ಷದಲ್ಲಿ ಶ್ರೀರಂಗಪಟ್ಟಣದಲ್ಲಿ ಪಿಂಡಪ್ರದಾನವೂ ನಡೆಯಿತು. ಬೂದಿ ತರಲು ಹೋಗಲಾಗದ ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು: ತಮ್ಮವರ ಅಸ್ಥಿ ಎಲ್ಲೋ ಬಿದ್ದಿದೆ ಎಂಬ ಕೊರಗಿಗೆ ಇದರಲ್ಲಿ ಒಂದಿಷ್ಟು ಉತ್ತರವಿರಬಹುದು.

ಮನೆಯಲ್ಲಿ ಮಾಡುವುದಾದರೆ ಮಹಾಲಯ ಅಮಾವಾಸ್ಯೆ ಹೆಚ್ಚಿನವರಿಗೆ ಅನುಕೂಲದ ದಿನ. ಹೂಳುವ ಪದ್ಧತಿಯ ಮನೆಯಲ್ಲಿ ಸುಡಬೇಕಾಗಿ ಬಂದಿದ್ದರೆ, ಮುಸ್ಲಿಮರ ಮನೆಯಲ್ಲಿ ಜನಾಜಾದ ಅಂತಿಮ ಪ್ರಾರ್ಥನೆಗೆ ಬಂಧುಗಳು ಸೇರಲಾಗದೆ, ಶವಕ್ಕೆ ಗುಸ್ಲ್ ಸ್ನಾನ ಮಾಡಿಸಲಾಗದೆ ಹೋಗಿದ್ದರೆ, ಅದು ಲೋಪವಾಯಿತೇ ಎಂಬ ಸಂಶಯವನ್ನು ನಿಮ್ಮ ಮಠದ ಸ್ವಾಮಿಗಳಲ್ಲೋ ಮೌಲ್ವಿಗಳಲ್ಲೋ ನೇರವಾಗಿ ಕೇಳಿ ಬಗೆಹರಿಸಿಕೊಳ್ಳಿ. ಆಪತ್ಕಾಲಕ್ಕೆ ಬೇರೆ ಲೆಕ್ಕ ಎಲ್ಲ ಧರ್ಮಗಳಲ್ಲೂ ಇದೆ. ಕ್ರೈಸ್ತರಿಗೆ ನವೆಂಬರ್ 2ರ ಸಕಲ ಆತ್ಮಗಳ ದಿನವಿದೆ. ನಂಬಿಕೆಯಿಲ್ಲದವರು ಊಟಕ್ಕೆ ಕರೆದರೂ ನಡೆಯುತ್ತದೆ.

ಯಾವ ವಿಧಿಯಾದರೂ ಕರೆಯುವ ಪಟ್ಟಿಯನ್ನು ಮಾತ್ರ ಬೇರೆ ರೀತಿಯಲ್ಲಿ ಮಾಡಿ. ಅಂದು ಬರಬೇಕೆಂದಿದ್ದೂ ಬರಲಾಗದವರ ಹೆಸರುಗಳನ್ನು ಮೊದಲು ಬರೆಯಿರಿ: ಪಾಸು ಸಿಗದ ತಮ್ಮ, ಗರ್ಭಿಣಿಯಾಗಿದ್ದರಿಂದ ತಡೆದು ನಿಲ್ಲಿಸಿದ ಮಗಳು, ಮೂವತ್ತು ವರ್ಷ ಜೊತೆಗೆ ವಾಕಿಂಗ್ ಹೋಗುತ್ತಿದ್ದ ಸ್ನೇಹಿತರು. ಅವರಲ್ಲಿ ಪ್ರತಿಯೊಬ್ಬರಿಗೂ ಮಾಡಲು ಏನಾದರೊಂದು ಕೆಲಸವಿರಲಿ. ಹೂ ಏರಿಸುವುದು, ಎಡೆಗೆ ಬಡಿಸುವುದು, ಎರಡು ಮಾತು ಹೇಳುವುದು, ಏನಾದರೂ ಸರಿ. ಬರೇ ಬಂದು ಉಂಡು ಹೋದರೆ ಅವರ ಪಾಲಿನದು ಹಾಗೆಯೇ ಉಳಿಯುತ್ತದೆ. ವಿದೇಶದಲ್ಲಿರುವವರನ್ನು ಮತ್ತೆ ವಿಡಿಯೋದಲ್ಲಿ ಸೇರಿಸುವುದಕ್ಕಿಂತ ಅವರು ರಜೆಗೆ ಬರುವ ತಿಂಗಳಿಗೆ ಕಾರ್ಯವನ್ನು ಮುಂದೂಡುವುದು ಮೇಲು. ಚಿತೆಯನ್ನು ಪರದೆಯಲ್ಲಿ ನೋಡಿದವರಿಗೆ ಇನ್ನೊಂದು ಪರದೆ ಬೇಡ. ಆ ಪ್ಲಾಸ್ಟಿಕ್ ಕವರನ್ನು ಬಿಚ್ಚುವುದಿದ್ದರೆ ಜನ ಸೇರುವ ಮುನ್ನ, ಮನೆಯವರಷ್ಟೇ ಇದ್ದಾಗ ಬಿಚ್ಚಿ.

ಮಕ್ಕಳಿಗೆ

ಆಗ ಐದಾರು ವರ್ಷದವರಾಗಿದ್ದ ಮಕ್ಕಳಿಗೆ "ತಾತ ಆಸ್ಪತ್ರೆಯಲ್ಲಿದ್ದಾರೆ" ಎಂದು ಹೇಳಿ, ಆಮೇಲೆ ಏನೂ ಹೇಳದೆ ಬಿಟ್ಟ ಮನೆಗಳು ಬಹಳ. ಅದೇ ಹೊತ್ತಿನಲ್ಲಿ ಅವರ ಶಾಲೆಯೂ ಮುಚ್ಚಿತ್ತು. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯವರು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ರಂದು. ಹೇಳಿಕೊಳ್ಳಲು ಗೆಳೆಯರೂ ಇರಲಿಲ್ಲ, ಟೀಚರೂ ಇರಲಿಲ್ಲ. ಈಗ ಅವರಿಗೆ ತಿಳಿವಳಿಕೆ ಬಂದಿದೆ. ನೋಟ್‌ಬುಕ್ ಓದಲು ಕೊಡಿ, ಕೇಳಿದ್ದಕ್ಕೆ ನಿಜವಾದ ಉತ್ತರ ಕೊಡಿ. ತಾನು ಅಂದು ತಾತನ ಕೋಣೆಗೆ ಓಡಿಹೋಗಿ ತಬ್ಬಿಕೊಂಡದ್ದರಿಂದಲೇ ಹೀಗಾಯಿತೇ ಎಂಬ ಪ್ರಶ್ನೆ ಆ ಮಗುವಿನ ಮನಸ್ಸಿನಲ್ಲಿ ಇರಬಹುದು. ಅದು ಕೇಳದಿದ್ದರೂ ನೀವಾಗಿಯೇ ಇಲ್ಲವೆಂದು ಹೇಳಿಬಿಡಿ.

ಮನೆಯವರ ಕೈ ಮೀರಿದಾಗ

ಇಷ್ಟೆಲ್ಲ ಮಾಡಿದರೂ ಕೆಲವರ ದುಃಖ ಸಡಿಲವಾಗುವುದಿಲ್ಲ. ಸಾವಾಗಿ ಆರು ತಿಂಗಳು ಕಳೆದ ಮೇಲೂ, ತಮ್ಮ ಸಮಾಜದ ರೂಢಿಯನ್ನು ಮೀರಿ, ಅಗಲಿದವರ ಹಂಬಲವೇ ದಿನದ ತುಂಬ ಆವರಿಸಿಕೊಂಡು, ಕೆಲಸ, ಊಟ, ಸಂಬಂಧ ಯಾವುದೂ ಸಾಗದಂತಾದರೆ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ ಗುರುತಿಸುತ್ತದೆ. ಇದು ಮನಸ್ಸಿನ ದುರ್ಬಲತೆಯಲ್ಲ, ನಾಟಕವೂ ಅಲ್ಲ. ಸಾಯುವ ಮಾತು ಬಂದರೆ, "ಅವರ ಹಿಂದೆಯೇ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು" ಎಂದು ಪದೇ ಪದೇ ಹೇಳಿದರೆ, ಅಂದೇ ನೆರವು ಪಡೆಯಿರಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ದುಃಖದಲ್ಲಿರುವವರೇ ಮಾಡಬೇಕೆಂದಿಲ್ಲ, "ನಮ್ಮ ತಾಯಿ 2021ರಿಂದ ಹೀಗಿದ್ದಾರೆ, ನಾನೇನು ಮಾಡಲಿ" ಎಂದು ಮಗಳು ಕೇಳಿದರೂ ದಾರಿ ಹೇಳುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರ ಸೇವೆಯ ಏರ್ಪಾಡಿದೆ. ಹೋಗುವ ಮುನ್ನ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಖಚಿತಪಡಿಸಿಕೊಳ್ಳಿ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಹತ್ತಿರವೇ ಇದೆ. ಮನಸ್ಸಿನ ಡಾಕ್ಟರೆಂದರೆ ಒಪ್ಪದ ಹಿರಿಯರ ಬಳಿ ದುಃಖದ ಮಾತೇ ಎತ್ತಬೇಡಿ. ನಿದ್ದೆ ಬರುತ್ತಿಲ್ಲ, ಎದೆ ಹಿಡಿದಂತಾಗುತ್ತದೆ, ಊಟ ಸೇರುತ್ತಿಲ್ಲ ಎಂಬ ದೂರು ಅವರಿಗೆ ಇದ್ದೇ ಇರುತ್ತದೆ. ಅದನ್ನೇ ಹಿಡಿದುಕೊಂಡು ಅವರು ನಂಬುವ ಮಾಮೂಲಿ ಡಾಕ್ಟರ ಬಳಿ ಕರೆದೊಯ್ಯಿರಿ, ಮತ್ತು ಆ ಡಾಕ್ಟರಿಗೆ ಮೊದಲೇ ಫೋನ್ ಮಾಡಿ, ಸಾವು ಯಾವಾಗ ಆಯಿತು, ಹೇಗೆ ಕಳಿಸಿಕೊಟ್ಟಿರಿ ಎಂಬುದನ್ನು ತಿಳಿಸಿಡಿ.